ಬಾಗಿಲ ಮೇಲಿನ ಗೆರೆ

ಗೋಡೆಯ ಕಬ್ಬಿಣದ ಸ್ಟ್ಯಾಂಡು ಖಾಲಿಯಾಗಿತ್ತು. ಅದರ ತುಂಬ ಒಣಗಿದ ಕೆಸರು. ಸಂಶೋಧಕಿ ಅದರ ಮೇಲೆ ಕೈಯಾಡಿಸಿ ನೋಡಿದಳು. ನೆರೆ ಬಂದರೂ ಕರೆಂಟು ಕೈಕೊಡಬಾರದೆಂದು ನದಿದಂಡೆಯ ಈ ಮನೆಯಲ್ಲಿ ಸೋಲಾರ್ ಬ್ಯಾಟರಿಯನ್ನೂ ಪುಟ್ಟ ಫ್ರಿಜ್ಜನ್ನೂ ಆರಡಿ ಎತ್ತರದಲ್ಲಿ ಕೂರಿಸಿ ಹೋದವಳು ಅವಳೇ. ಫ್ರಿಜ್ಜಿನಲ್ಲಿದ್ದದ್ದು ಮನೆಯ ಸೊಸೆಯ ಇನ್ಸುಲಿನ್. ನೆರೆಯಲ್ಲಿ ಒಂಬತ್ತು ದಿನ ದೋಣಿಯೂ ಓಡಿರಲಿಲ್ಲ.

“ಅಜ್ಜಿ, ನಿಮ್ಮ ಸೊಸೆ...” ಅವಳು ಬಾಗಿಲಲ್ಲಿ ನಿಂತಿದ್ದ ಅಜ್ಜಿಯತ್ತ ತಿರುಗಿದಳು.

“ಅವಳಿಗೇನು ಧಾಡಿ! ಹಿತ್ತಲಲ್ಲಿ ನನ್ನನ್ನ ಬೈಕೊಂಡು ಬಟ್ಟೆ ಒಗೀತಿದ್ದಾಳೆ. ಮೇಲೆ ನೋಡಿ ತಾಯಿ.”

ಅಟ್ಟದ ಮೇಲೆ ಬ್ಯಾಟರಿಯ ಹಸಿರು ದೀಪ ಉರಿಯುತ್ತಿತ್ತು, ಪಕ್ಕದಲ್ಲೇ ಫ್ರಿಜ್ಜು. ಸಂಶೋಧಕಿ ನೆಲದ ಮೇಲೇ ಕೂತುಬಿಟ್ಟಳು. ಹೋದ ಜೀವ ಬಂದಂತಾಯಿತು.

“ಮೇಲಕ್ಕೆ ಯಾಕೆ ಹತ್ತಿಸಿದ್ರಿ? ಬಾಗಿಲ ಚೌಕಟ್ಟಿನ ಮೇಲೆ ನೀವು ಹಾಕಿದ್ದ ನೆರೆ ಗೆರೆಗಳನ್ನೆಲ್ಲ ಅಳೆದಿದ್ದೆ. ಎಲ್ಲಕ್ಕಿಂತ ಮೇಲಿನದು ಐದಡಿ. ಅದಕ್ಕೂ ಒಂದಡಿ ಸೇರಿಸೇ ಇಟ್ಟಿದ್ದೆ!”

“ಬಾಗಿಲನ್ನೇನೋ ಅಳೆದ್ರಿ. ಅದು ಎಲ್ಲಿಂದ ಬಂತು ಅಂತ ಕೇಳಿದ್ರಾ? ನಮ್ಮ ಹಳೇ ಮನೆ ಆ ದಿಬ್ಬದ ಮೇಲಿತ್ತು. ಅದು ಬಿದ್ದಾಗ ಬಾಗಿಲು ಕಿತ್ತು ತಂದು ಇಲ್ಲಿ ಕೂರಿಸಿದ್ವಿ. ದಿಬ್ಬದ ಮೇಲೇ ಐದಡಿ ನೀರು ಬಂದ್ರೆ ಈ ತಗ್ಗಲ್ಲಿ ಎಷ್ಟು ಬರ್ಬೇಕು?”

“ಅಯ್ಯೋ, ಅವತ್ತೇ ಹೇಳಬಾರದಿತ್ತಾ ಅಜ್ಜಿ?”

“ನಾನು ಬಾಯಿ ತೆಗೆಯೋಷ್ಟರಲ್ಲಿ ನೀವು ದೋಣಿ ಹತ್ತಿಬಿಟ್ರಿ! ಮಾರನೇ ದಿನವೇ ದೋಣಿಯವರು ಹಗ್ಗ ಕಟ್ಟಿ ಮೇಲೆತ್ತಿದ್ರು. ವೈರು ಸಾಲದೆ ರೇಡಿಯೋ ರಿಪೇರಿಯವನ ಕೈಕಾಲು ಹಿಡಿದೆ.”

ಸಂಶೋಧಕಿಯ ಕಣ್ಣು ತುಂಬಿತು. “ನನ್ನ ತಪ್ಪಿಗೆ ನೀವು ಇಷ್ಟೆಲ್ಲ... ನಿಮ್ಮ ಋಣ ಹೇಗೆ ತೀರಿಸ್ಲಿ?”

“ಋಣದ ಮಾತು ನಾನಾಡ್ಬೇಕು ಅಕ್ಕ,” ಎಂದು ಒದ್ದೆ ಕೈ ಒರೆಸಿಕೊಳ್ಳುತ್ತ ಸೊಸೆ ಒಳಗೆ ಬಂದಳು. “ನೀವು ತಂದೇ ಕೊಡದಿದ್ರೆ ನಮ್ಮತ್ತೆ ಏನನ್ನ ಅಟ್ಟ ಹತ್ತಿಸ್ತಿದ್ರು? ಒಂಬತ್ತು ದಿನ ಆ ಅಟ್ಟದಲ್ಲಿ ನಾನು, ಅತ್ತೆ, ಫ್ರಿಜ್ಜು. ತಣ್ಣಗಿದ್ದದ್ದು ಫ್ರಿಜ್ಜೊಂದೇ!”

ಅಜ್ಜಿಯೂ ನಕ್ಕುಬಿಟ್ಟಳು. ಒಲೆಯಿಂದ ಇದ್ದಿಲ ಚೂರೊಂದನ್ನು ತಂದು ಸಂಶೋಧಕಿಯ ಕೈಗಿಟ್ಟಳು. “ಈ ಸಲದ ಗೆರೆ ನೀವೇ ಹಾಕಿ ತಾಯಿ.”

ಬಾಗಿಲಲ್ಲಿ ಜಾಗವಿರಲಿಲ್ಲ. ನೀರಿನ ಕಲೆ ಚೌಕಟ್ಟನ್ನೂ ದಾಟಿ ಗೋಡೆಯ ಮೇಲೆ ಗೇಣು ದೂರ ಏರಿತ್ತು. ಸಂಶೋಧಕಿ ಸ್ಟೂಲು ಹತ್ತಿದಳು. ಇದ್ದಿಲನ್ನು ಗೋಡೆಗೆ ತಾಗಿಸಿದವಳು ತಟ್ಟನೆ ಕೈ ತಡೆದು, ಹಿಂದಿರುಗಿ ಕೇಳಿದಳು:

“ಅಜ್ಜಿ, ಈ ಗೋಡೆ ಇಲ್ಲಿಯದೇ ತಾನೆ?”