ಉಪ್ಪು ಹಿಡಿಯುವ ಬಲೆ

ಶೀನ ನಲ್ಲಿಯನ್ನು ಪೂರ್ತಿ ತಿರುಗಿಸಿದ. ನೀರು ಧಾರೆಯಾಗಲಿಲ್ಲ, ತೊಟ್ಟಿಕ್ಕಿತು. ಕೊಡ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದ ಪ್ರಭಾವತಿ ಅವನ ಮುಖ ನೋಡಿದಳು. ಕಡಲಂಚಿನ ಕೋಡಿ ಊರಿನ ಬಾವಿಗಳು ಉಪ್ಪಾದ ಮೇಲೆ ಕೇರಿಗೆಲ್ಲ ಕುಡಿಯಲು ಈ ಶುದ್ಧೀಕರಣ ಘಟಕವೇ ಗತಿ. ಮಂಡಿ ನೋವಿನಿಂದ ಮೀನಿನ ದೋಣಿಗೆ ಹೋಗುವುದನ್ನು ಬಿಟ್ಟ ಶೀನನ ಕೈಗೆ ಅದರ ಕೀಲಿ ಬಂದಿತ್ತು. ಆ ಕೀಲಿಯ ಗತ್ತಿನಲ್ಲೇ ಅವನು ಮತ್ತೆ ತಲೆಯೆತ್ತಿ ತಿರುಗಾಡತೊಡಗಿದ್ದ.

ಬ್ರಹ್ಮಾವರದಿಂದ ಬಂದ ಮೆಕ್ಯಾನಿಕ್ ಸುಜಯ್ ಕೊಳವೆ ಬಿಚ್ಚಿ, ಉಪ್ಪು ಸೋಸುವ ಮೆಂಬ್ರೇನಿನ ಸುರುಳಿಯನ್ನು ಹೊರಗೆಳೆದ. ತಿರುಗಿಸಿ ನೋಡಿದವನ ಮುಖ ಸಪ್ಪಗಾಯಿತು.

“ಹ್ವಾಯ್ ಶೀನಣ್ಣ, ಎಂತ ಮಾಡಿದ್ರಿ ಇದನ್ನ?”

“ಕೆಂಪ್ ಕೆಸ್ರ್ ಕಟ್ಟಿ ನೀರ್ ಕಮ್ಮಿ ಆಯ್ತಲೆ? ನೀವೇ ಫೋನಲ್ಲಿ ‘ತೊಳ್ದಿಡಿ, ನಾನ್ ಬತ್ತೆ’ ಅಂದ್ರಿ. ಚಂದ ಮಾಡಿ ತೊಳ್ದೆ. ಬಿಸ್ಲಲ್ಲಿ ಲಾಯ್ಕ್ ಒಣಗ್ಸಿ, ವಾಪಾಸ್ ಹಾಕ್ದೆ.”

ಹೇಳುವಾಗ ಅವನ ದನಿಯಲ್ಲಿ ಹೆಮ್ಮೆಯೇ ಇತ್ತು. ಕಾಗೆ ಕೂರದ ಹಾಗೆ ಪಕ್ಕದಲ್ಲೇ ಕಾದು ಕುಳಿತು ಒಣಗಿಸಿದ್ದ, ಪಾಪ.

ಸುಜಯ್ ತಲೆ ಮೇಲೆ ಕೈ ಹೊತ್ತು ಕೂತ. “ಒಣಗ್ಸ್ರ್ಯಾ! ಇದ್ ಯಾವತ್ತೂ ಚಂಡಿ ಇರ್ಕ್, ನೀರಗೇ ಇಡ್ಕ್. ಒಣಗ್ರೆ ಸತ್ತ್ ಹೋತ್ತ್ ಮಾರಾಯ್ರೆ. ಇನ್ನ್ ಹೊಸ್ತೇ ತರ್ಸ್ಕ್. ಒಂದ್ ವಾರ ಆತ್ತ್.”

“ಬಲೆ ಅಂದ್ರಿ ನೀವ್,” ಎಂದ ಶೀನ. “ನೀರ್ ಬಿಟ್ಟ್ ಉಪ್ಪ್ ಹಿಡು ಬಲೆ ಅಂದ್ಹೇಳಿ. ಬಲೆ ಒಣಗ್ಸ್ದೇ ಇಟ್ರೆ ಕೊಳ್ದ್ ಹೋತ್ತಲೆ?”

ಘಟಕ ಶುರುವಾದ ದಿನ, ಸುಲಭವಾಗಿ ತಿಳಿಯಲಿ ಎಂದು ಸುಜಯ್ ತಾನೇ ಹಾಗೆ ಹೇಳಿದ್ದ. ಎಲ್ಲರೂ ತಲೆದೂಗಿದ್ದರು, ಅವನಿಗೂ ತನ್ನ ಮಾತು ಬಹಳ ಹಿಡಿಸಿತ್ತು.

ಶೀನ ಸೊಂಟದಿಂದ ಕೀಲಿ ಬಿಚ್ಚಿ ಕಟ್ಟೆಯ ಮೇಲಿಟ್ಟ. ಕೇರಿಯವರ ಬಾಯಿಗೆ ತಾನೇ ಮಣ್ಣು ಹಾಕಿದೆನೆಂಬ ಸಂಕಟಕ್ಕೆ ಅವನ ಕಣ್ಣು ತುಂಬಿ ಬಂತು.

“ತಪ್ಪ್ ನಂದೇ,” ಸುಜಯ್ ಗೊಣಗಿದ. “ಮೀನ್ ಅಂದ್ಹೇಳಿ ಹೇಳ್ಕಿತ್ತ್.”

“ಮೀನನ್ನೂ ನಾವ್ ಒಣಗ್ಸುದಿಲ್ಯಾ?” ಎಂದಳು ಪ್ರಭಾವತಿ. ಖಾಲಿ ಕೊಡವನ್ನು ಕೆಳಗಿಟ್ಟು, ಕೀಲಿ ಎತ್ತಿ ಶೀನನ ಕೈಗೇ ತುರುಕಿದಳು. ಅವನ ಮುಖವನ್ನು ಒಂದು ಗಳಿಗೆ ನೋಡಿ, ಸುಜಯ್‌ನತ್ತ ತಿರುಗಿದಳು.

“ಕಣ್ಣ್ ಅಂದ್ಹೇಳಿ ಹೇಳಿ. ಒಣಗ್ಸೂಕೆ ಯಾರಿಗೂ ಮನ್ಸ್ ಬಪ್ಪುದಿಲ್ಲೆ.”