ಮಗಳ ಮುಖ ನೋಡಲು ಹೆದರಿದ ಪೇಂಟರ್

ಕೊಪ್ಪಳದ ಕಡೆಯ ಒಂದು ಊರಿನಲ್ಲಿ ಗವಿಸಿದ್ದಪ್ಪ ಎಂಬ ಬೋರ್ಡ್ ಪೇಂಟರ್ ಇದ್ದ.

ಅಕ್ಷರ ಬರೆಯುವುದರಲ್ಲಿ ಎತ್ತಿದ ಕೈ... ಆದರೆ ಮನುಷ್ಯರನ್ನು ಬಿಡಿಸಿದರೆ ಎಲ್ಲರೂ ಲೈಟ್ ಕಂಬದ ಹಾಗೆ ನೆಟ್ಟಗೆ ನಿಂತುಬಿಡುತ್ತಿದ್ದರು.

ಒಂದು ದಿನ ಊರಿನ ಆಸ್ಪತ್ರೆಯ ಡಾಕ್ಟರ್ ಮೇಡಂ ಅವನನ್ನು ಕರೆಸಿದರು.

"ಗೋಡೆ ಮೇಲೆ ನಾಲ್ಕು ಚಿತ್ರ ಬೇಕು ಗವಿಸಿದ್ದಪ್ಪ. ಯಾರಿಗಾದರೂ ಫಿಟ್ಸ್ ಬಂದರೆ ಏನು ಮಾಡಬೇಕು ಅಂತ ಓದು ಬಾರದವರಿಗೂ ತಿಳೀಬೇಕು."

ರೋಗಿ ಬೀಳುವುದು, ತಲೆಯ ಕೆಳಗೆ ಬಟ್ಟೆ ಇಡುವುದು, ಒಂದು ಮಗ್ಗುಲಿಗೆ ಹೊರಳಿಸುವುದು, ಎದ್ದು ಕೂರುವುದು...

ಗವಿಸಿದ್ದಪ್ಪ ಗೋಡೆಯಿಂದ ಕಣ್ಣು ತಿರುಗಿಸಿದ.

ಅವನ ಮಗಳು ಅಕ್ಷತಾಳಿಗೆ ಎಂಟನೇ ವಯಸ್ಸಿನಿಂದ ಫಿಟ್ಸ್. ಈಗ ಹದಿಮೂರು. ಮಾತ್ರೆ ನಡೆದಿತ್ತು, ಆದರೂ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು.

ಬಂದಾಗಲೆಲ್ಲ ಅವನು ಹೆಂಡತಿ ಶರಣಮ್ಮನನ್ನು ಕೂಗಿ, ಹೊರಗಿನ ಕಟ್ಟೆಗೆ ಓಡಿ, ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದ.

ಐದು ವರ್ಷದಲ್ಲಿ ಒಂದು ಸಲವೂ ಆ ಹೊತ್ತಿನಲ್ಲಿ ಮಗಳ ಮುಖ ನೋಡಿರಲಿಲ್ಲ...

ಆಗುವುದಿಲ್ಲ ಎನ್ನೋಣವೆಂದರೆ, ಮಗಳಿಗೆ ಔಷಧಿ ಬರೆದುಕೊಡುವ ಡಾಕ್ಟರೂ ಇವರೇ. ಹೇಗೆ ಅನ್ನುವುದು? ಒಪ್ಪಿಕೊಂಡ.

ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬಿಡಿಸಿ ತೋರಿಸಿದ. ಮಲಗಿದವನು ಮಲಗಿದ ಹಾಗೆ ಕಾಣಲೇ ಇಲ್ಲ, ಗಾಳಿಗೆ ಬಿದ್ದ ಕಂಬ.

"ನೀವು ನೆನಪಿನಿಂದ ಬರೀತಿದ್ದೀರಿ," ಎಂದರು ಮೇಡಂ. "ಯಾರನ್ನಾದರೂ ಮಲಗಿಸಿ, ನೋಡಿ ಬರೀರಿ. ಮೈಭಾರ ಎಲ್ಲಿ ನೆಲಕ್ಕೆ ತಾಗುತ್ತೆ ಅಂತ ನೋಡಿ."

ನೋಡುವುದು... ಅದೇ ತಾನೇ ಅವನಿಂದ ಆಗದ್ದು.

"ಅಪ್ಪಾ, ನಾ ಮಲಕ್ಕೋತೀನಿ, ಬರಿ," ಎಂದಳು ಅಕ್ಷತಾ, ಮನೆಗೆ ಬಂದ ಅಪ್ಪನಿಂದ ವಿಷಯ ತಿಳಿದು.

"ಬ್ಯಾಡ ಯವ್ವಾ..."

"ಯಾಕ?"

ಕೇಳುತ್ತಲೇ ಅವಳು ಚಾಪೆ ಹಾಸಿಯಾಗಿತ್ತು.

ಮಗ್ಗುಲಾಗಿ, ಮೊಣಕಾಲೂರಿ, ಬಗ್ಗಿ, ಗೋಡೆಗೆ ಒರಗಿ... ಹೇಳಿದ ಹಾಗೆಲ್ಲ ಇರುತ್ತಿದ್ದಳು. ಆದರೆ ಅವಳು ಕಣ್ಣು ಮುಚ್ಚಿದರೆ ಸಾಕು, ಅವನ ಪೆನ್ಸಿಲ್ ನಿಂತುಬಿಡುತ್ತಿತ್ತು.

"ಕಣ್ಣ ತಗಿ ಯವ್ವಾ," ಎನ್ನುತ್ತಿದ್ದ.

ದಿನ ಕಳೆದಂತೆ ಒಂದೊಂದೇ ಕಾಣತೊಡಗಿತು. ಮಗ್ಗುಲಾದರೆ ಭಾರ ಭುಜಕ್ಕೂ ಸೊಂಟಕ್ಕೂ ಬೀಳುತ್ತದೆ. ಮೇಲಿನ ಮೊಣಕಾಲು ಮುಂದಕ್ಕೆ ಮಡಚಿದರೆ ಮೈ ಬೋರಲಾಗುವುದಿಲ್ಲ.

ಐದನೇ ದಿನ ಮಧ್ಯಾಹ್ನ. ಶರಣಮ್ಮ ಅಂಗನವಾಡಿ ಕೆಲಸಕ್ಕೆ ಹೋಗಿದ್ದಳು.

ಚಾಪೆಯ ಮೇಲೆ ಕುಳಿತಿದ್ದ ಅಕ್ಷತಾಳ ಕತ್ತು ಇದ್ದಕ್ಕಿದ್ದಂತೆ ಒಂದು ಕಡೆಗೆ ವಾಲಿತು. ಕಣ್ಣು ಎಲ್ಲೋ ನೆಟ್ಟವು.

"ಯವ್ವಾ?"

ಧಪ್ಪನೆ ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿದವು.

ಅವನ ಕಾಲುಗಳು ತಾವಾಗಿಯೇ ಬಾಗಿಲಿಗೆ ಓಡಿದವು. "ಶರಣಮ್ಮಾ..."

ಬೀದಿಯಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ.

ಒಳಗೆ ಮಗಳ ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು... ಹೊಸ್ತಿಲ ಮೇಲೆ ಅವನ ಕಾಲು ನಿಂತಿತು.

ತಿರುಗಿ ಒಳಗೆ ಬಂದ.

ಹೆಗಲ ಟವೆಲ್ ಮಡಚಿ ತಲೆಯ ಕೆಳಗಿಟ್ಟ. ಸ್ಟೂಲ್ ದೂರ ನೂಕಿದ. ಗಡಿಯಾರ ನೋಡಿದ.

ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನೂ ಹಾಕಬೇಡಿ, ಒತ್ತಿ ಹಿಡಿಯಬೇಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ತನ್ನಿ... ಗೋಡೆಗೆಂದು ಮೇಡಂ ಬರೆದುಕೊಟ್ಟ ಮಾತುಗಳನ್ನೇ ಮಣಮಣ ಅನ್ನುತ್ತಾ, ಮಗಳ ಮುಖ ನೋಡಿದ.

ಎರಡು ನಿಮಿಷ. ಅವನ ಪಾಲಿಗೆ ಎರಡು ವರ್ಷ...

ಅದುರುವುದು ನಿಂತಿತು. ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದ. ಮೇಲಿನ ಮೊಣಕಾಲು ಮುಂದಕ್ಕೆ ಮಡಚಿ, ಕೆನ್ನೆಯ ಕೆಳಗೆ ಅವಳದೇ ಕೈ ಇಟ್ಟ. ತಲೆ ಓಡುತ್ತಿರಲಿಲ್ಲ... ಅದೆಷ್ಟೋ ಸಲ ಬಿಡಿಸಿದ ಕೈಗೆ ಗೊತ್ತಿತ್ತು.

ಬಹಳ ಹೊತ್ತಿನ ಮೇಲೆ ಅಕ್ಷತಾ ಚೇತರಿಸಿಕೊಂಡಳು.

"ಅವ್ವ ಎಲ್ಲಿ?"

"ಅಂಗನವಾಡಿಗೆ ಹೋಗ್ಯಾಳ."

"ಮತ್ತ ನೀ... ಒಳಗ ಇದ್ದಿ?"

"ಇದ್ದೆ."

"ನೋಡಿದಿ?"

"ನೋಡಿದೆ."

ಅವಳು ಗೋಡೆಯ ಕಡೆ ತಿರುಗಿದಳು. ಅತ್ತಲೇ ನೋಡುತ್ತಾ ಕೇಳಿದಳು...

"ನನ್ನ ಮಾರಿ ಏನಾಗತೈತಿ ಅಪ್ಪಾ?"

ಮುಖಕ್ಕೆ ಏನಾಗುವುದು? ಅವನಿಗೆ ಅರ್ಥವಾಗಲಿಲ್ಲ.

"ಸಾಲ್ಯಾಗ ಹುಡುಗ್ಯಾರು ಚೀರಿ ಓಡ್ತಾರ. ನೀನೂ ಹೊರಗ ಓಡ್ತಿ. ಅವ್ವನ ಕೇಳಿದ್ರ ಅಳ್ತಾಳ. ನನಗ ಒಬ್ಬಾಕಿಗೇ ಗೊತ್ತಾಗಂಗಿಲ್ಲ... ದೆವ್ವದಂಗ ಆಗತೈತೇನೋ ಅಂತ ಕನ್ನಡಿ ನೋಡಾಕೂ ಅಂಜಿಕಿ."

ಇಷ್ಟು ವರ್ಷ ಹೆದರಿದ್ದವನು ತಾನೊಬ್ಬನೇ ಎಂದುಕೊಂಡಿದ್ದ ಗವಿಸಿದ್ದಪ್ಪ...

ಪೆನ್ಸಿಲ್ ಎತ್ತಿಕೊಂಡ. ಬಿಗಿದ ದವಡೆ, ಮೇಲೆ ಸಿಕ್ಕಿಕೊಂಡ ಕಣ್ಣು, ಮುಷ್ಟಿ ಹಿಡಿದ ಕೈ... ಕಂಡದ್ದನ್ನು ಕಂಡ ಹಾಗೆ ಬಿಡಿಸಿದ. ಇನ್ನೊಂದು ಹಾಳೆಯಲ್ಲಿ ಮಗ್ಗುಲಾಗಿ ಮಲಗಿದ ಹುಡುಗಿ.

"ಮೊದಲ ಹಿಂಗ. ಸುಳ್ಳ ಹೇಳಂಗಿಲ್ಲ, ನನಗ ಭಾಳ ಹೆದ್ರಿಕಿ ಆತು. ಆಮ್ಯಾಲೆ ಹಿಂಗ."

ಅಕ್ಷತಾ ಎರಡೂ ಹಾಳೆ ಹಿಡಿದು ನೋಡಿದಳು... ನೋಡುತ್ತಲೇ ಇದ್ದಳು.

"ಇಷ್ಟ ಏನು?" ಎಂದಳು. "ಇದು... ನಾನ ಅಲ್ಲೇನಪಾ?"

"ಹೌದು ಯವ್ವಾ. ನೀನ."

ಶರಣಮ್ಮ ಬಂದಾಗ ಅಪ್ಪ ಮಗಳು ಇಬ್ಬರೂ ಆ ಹಾಳೆ ಹಿಡಿದುಕೊಂಡು ಅಳುತ್ತಿದ್ದರು. ಏನಾಯಿತೋ ಎಂಬ ಗಾಬರಿಗೆ ಅವಳ ಕೈಲಿದ್ದ ಚೀಲ ಕೆಳಗೆ ಬಿತ್ತು.

ಗೋಡೆಯ ಚಿತ್ರಕ್ಕೆ ಯಾರದೋ ಮುಖ ಹಾಕುತ್ತೇನೆ ಎಂದ ಗವಿಸಿದ್ದಪ್ಪ. ಮಗಳು ಬಿಡಲಿಲ್ಲ. "ನನ್ನ ಮಾರೀನ ಹಾಕು. ನೋಡ್ಲಿ ಎಲ್ಲಾರು."

ಅಕ್ಷತಾಳಿಗೆ ಈಗಲೂ ಎಂದಾದರೊಮ್ಮೆ ಫಿಟ್ಸ್ ಬರುತ್ತದೆ. ಗವಿಸಿದ್ದಪ್ಪನಿಗೆ ಈಗಲೂ ಹೆದರಿಕೆ ಆಗುತ್ತದೆ. ಆದರೆ ಅವನು ಎದ್ದು ಹೋಗುವುದಿಲ್ಲ.

ಎಚ್ಚರವಾದ ಕೂಡಲೇ ಅವಳು ಮೊದಲು ಹುಡುಕುವುದು ಅಪ್ಪನ ಮುಖವನ್ನು... ಅದು ಅಲ್ಲೇ ಇರುತ್ತದೆ.

ನಮ್ಮವರ ನೋವು ನೋಡಲಾರದೆ ನಾವು ಮುಖ ತಿರುಗಿಸಿದರೆ, ಅವರು ತಮ್ಮ ಮುಖಕ್ಕೇ ಹೆದರತೊಡಗುತ್ತಾರೆ.

ನೀವು ಕಣ್ಣು ಮುಚ್ಚಿಕೊಂಡ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಯಾರು ಒಬ್ಬರೇ ಉಳಿದಿದ್ದಾರೆ... ಒಮ್ಮೆ ಯೋಚಿಸಿದ್ದೀರಾ?