ಹೆಬ್ಬೆರಳ ಕೆಳಗಿನ ಹೆಸರು

"ಎಡ ಮಂಡಿ ಆಪರೇಷನ್ ಆಗೈತೆ. ಆದ್ರೂ ಗುರಿ ತಪ್ಪಲ್ಲ," ಎಂದು ಅಂಬ್ರೀನ್ ಚೀಟಿಯ ಹೆಸರನ್ನು ಹೆಬ್ಬೆರಳಲ್ಲಿ ಮುಚ್ಚಿ ಓದಿದಳು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ತಂಡಗಳು ಹೊಸಬರನ್ನು ಆಯ್ದುಕೊಳ್ಳುವ ಡ್ರಾಫ್ಟ್‌ಗೆ ಮೊದಲೇ, ಹೊಸದುರ್ಗದ ಈ ಗೆಳತಿಯರು ತಾವೇ ಮ್ಯಾನೇಜರ್‌ಗಳಾಗಿ ಆಟಗಾರರನ್ನು ಆರಿಸುವ ಆಟಕ್ಕೆ ಕೂತಿದ್ದರು.

"ಕುಂಟ್ ಕುದ್ರೆ ಕಟ್ಕಂಡು ಏನ್ ಮಾಡಾಣ? ನಮ್ ಟೀಮಿಗೆ ಬ್ಯಾಡ," ಎಂದಳು ಆಶಾರಾಣಿ, ಹುರಿದ ಶೇಂಗಾ ಉಜ್ಜುತ್ತ. ಎಲ್ಲರೂ ನಕ್ಕರು.

ಅಂಬ್ರೀನ್ ನಗಲಿಲ್ಲ. ಹೆಬ್ಬೆರಳು ಸರಿಸಿ ಚೀಟಿಯನ್ನು ಆಶಾರಾಣಿಯ ಮುಂದೆ ಹಿಡಿದಳು. ವಿದೇಶಿ ಆಟಗಾರರ ಚೀಟಿಗಳ ನಡುವೆ ಅಂಬ್ರೀನ್ ತಾನೇ ಬರೆದು ಸೇರಿಸಿದ್ದ ತನ್ನದೇ ಹೆಸರು. "ಭಾನುವಾರ ದುರ್ಗದಾಗೆ ನಮ್ ಮ್ಯಾಚಿಗೆ ನೀನೇ ಕ್ಯಾಪ್ಟನ್. ನನ್ನ ಆಡಿಸ್ತೀಯೋ ಇಲ್ವೋ, ಈಗ ಹೇಳೇ."

ಆಶಾರಾಣಿ ಅಂಗೈಯಲ್ಲಿದ್ದ ಹೊಟ್ಟು ಊದಿದಳು. "ಮಂಡಿ ಅಂದಾಗ್ಲೇ ನೀನೇ ಅಂತ ಗೊತ್ತಾತು ಕಣೇ. ಮುಂದಿನ ಚೀಟಿ ಓದು."